ಮುನ್ನೂರು ಡಾಲರಿನ ಪುಟ್ಟ ರಿವಾಲ್ವರನ್ನು ನಂಬಬಹುದೇ?

ಹೂಸ್ಟನ್ ಹುಣಸೆಮರ

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಕೈಗೆ ಬಂದು ಸ್ವಲ್ಪ ಕಾಲವಾಯಿತು. ದಿನಸಿ ಅಂಗಡಿಯ ಬಾಗಿಲೆಳೆದು, ದಿನದ ನಗದನ್ನು ಹಿಡಿದು ಕತ್ತಲಲ್ಲಿ ಕಾರಿನವರೆಗೆ ನಡೆಯುವ ಕೆಲಸ ನನ್ನದು. ಜೇಬಿನಲ್ಲಿ ಹಿಡಿಯುವಂಥ, .38 ಅಳತೆಯ ಗುಂಡಿನ ಒಂದು ರಿವಾಲ್ವರ್ ಕೊಳ್ಳಬೇಕೆಂದಿದ್ದೇನೆ. ಬೆರಳುಗಳಲ್ಲಿ ಸಂಧಿವಾತ ಇರುವುದರಿಂದ ಪಿಸ್ತೂಲಿನ ಸ್ಲೈಡ್, ಅಂದರೆ ಗುಂಡು ಏರಿಸಲು ಹಿಂದಕ್ಕೆ ಜಗ್ಗಬೇಕಾದ ಮೇಲ್ಭಾಗ, ಎಳೆಯುವುದು ಆಗದ ಮಾತು. ದಯವಿಟ್ಟು ಪಿಸ್ತೂಲಿನ ಸಲಹೆ ಬೇಡ.

ಮುನ್ನೂರೈವತ್ತು ಡಾಲರ್ ದಾಟುವ ಮನಸ್ಸಿಲ್ಲ. ಟಾರಸ್ 856, ಚಾರ್ಟರ್ ಆರ್ಮ್ಸ್ ಅಂಡರ್‌ಕವರ್, ಫಿಲಿಪೈನ್ಸಿನ ರಾಕ್ ಐಲೆಂಡ್ ಎಂ206, ಇಲ್ಲವೇ ಯಾವುದಾದರೂ ಹಳೆಯ ರೋಸ್ಸಿ, ಇಷ್ಟು ಹೆಸರು ಪಟ್ಟಿಯಲ್ಲಿವೆ. ಅಂಗಡಿಯವನು "ರಿವಾಲ್ವರ್ ಕೆಡುವುದೇ ಇಲ್ಲ, ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎನ್ನುತ್ತಾನೆ. ಪಕ್ಕದ ಮನೆಯವರು ಟಾರಸ್ ಎಂದ ಕೂಡಲೇ ನಗುತ್ತಾರೆ. ಯಾರ ಮಾತು ಕೇಳಲಿ?

ಓಹಾಯೋ ಒಗ್ಗರಣೆ

ಇಬ್ಬರ ಮಾತೂ ಅರ್ಧ ಸತ್ಯ, ರಾಯರೇ. ಟಾರಸ್ ಬ್ರೆಜಿಲಿನ ಹಳೆಯ ಕಂಪನಿ, 1939ರಿಂದ ಇದೆ. ಅದಕ್ಕೆ ಕೆಟ್ಟ ಹೆಸರು ತಂದದ್ದು ಬಹುಮಟ್ಟಿಗೆ ಪಿಸ್ತೂಲುಗಳು. ಕೆಳಗೆ ಬಿದ್ದರೆ ಗುಂಡು ಹಾರುತ್ತದೆ ಎಂಬ ಆರೋಪದ ಮೇಲೆ ನಡೆದು 2015ರಲ್ಲಿ ಒಪ್ಪಂದಕ್ಕೆ ಬಂದ ದೊಡ್ಡ ಮೊಕದ್ದಮೆಯೂ ಪಿಸ್ತೂಲುಗಳದ್ದೇ. ಆದರೆ ಐದು ಗುಂಡಿನ ಮಾಡೆಲ್ 85 ದಶಕಗಳ ಕಾಲ ಈ ದೇಶದ ಜೇಬುಗಳಲ್ಲಿ ಓಡಾಡಿದೆ. 856 ಅದರ ಆರು ಗುಂಡಿನ ತಮ್ಮ.

ರೋಸ್ಸಿ ಹಳೆಯದನ್ನು ಕೊಳ್ಳುವುದಾದರೆ ಮಾತ್ರ ಎಚ್ಚರ. ಅವರ ಕೆಲವು .38 ಮತ್ತು .357 ರಿವಾಲ್ವರ್‌ಗಳು ಬಿದ್ದಾಗ ಗುಂಡು ಹಾರಿಸಬಹುದು ಎಂದು 2018ರಲ್ಲಿ ಕಂಪನಿಯೇ ಸುರಕ್ಷತಾ ಸೂಚನೆ ಹೊರಡಿಸಿತ್ತು. ಕ್ರಮಸಂಖ್ಯೆಯನ್ನು ಕಂಪನಿಯಲ್ಲಿ ವಿಚಾರಿಸದೆ ಹಣ ಕೊಡಬೇಡಿ.

ಹಳೇ ಫಿಟ್ಟರ್

ಹೆಸರಿನ ಜಗಳ ಬಿಡಿ. ಪೀಣ್ಯದ ಟೂಲ್‌ರೂಮಿನಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಈಗ ಮಗಳ ಮನೆಯಲ್ಲಿದ್ದೇನೆ, ಅಳಿಯನ ಜೊತೆ ಗುಂಡು ಹಾರಿಸುವ ಅಭ್ಯಾಸದ ರೇಂಜಿಗೆ ಹೋಗುವುದೇ ಕಾಲಕ್ಷೇಪ. ರಿವಾಲ್ವರ್ ಎಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಫಿಟ್ಟಿಂಗ್.

ಅಗ್ಗದ ರಿವಾಲ್ವರಿನ ವಿನ್ಯಾಸದಲ್ಲಿ ದೋಷವೇನೂ ಇಲ್ಲ. ಗುಂಡು ತುಂಬುವ ಕೋಣೆಗಳಿದ್ದು ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರ್, ಅದನ್ನು ತಿರುಗಿಸುವ 'ಕೈ' ಎಂಬ ಬಿಡಿಭಾಗ, ಹಿಡಿದು ನಿಲ್ಲಿಸುವ ಸ್ಟಾಪ್, ಬಡಿಯುವ ಹ್ಯಾಮರ್ ಮತ್ತು ಗುಂಡನ್ನು ಸಿಡಿಸುವ ಫೈರಿಂಗ್ ಪಿನ್ ನಡುವೆ ಬಂದು ನಿಲ್ಲುವ ಟ್ರಾನ್ಸ್‌ಫರ್ ಬಾರ್: ಇವೆಲ್ಲ ನೂರು ವರ್ಷ ಹಳೆಯ, ಪಳಗಿದ ಯಂತ್ರಭಾಗಗಳು. ಚಾರ್ಟರ್ ಆರ್ಮ್ಸ್ 1964ರಲ್ಲಿ ಶುರುವಾದಾಗ ಪಕ್ಕದ ಮುಚ್ಚಳವೇ ಇಲ್ಲದ ಒಂದೇ ತುಂಡಿನ ಫ್ರೇಮ್ ಮಾಡಿತು. ಆ ಯೋಚನೆ ಇಂದಿಗೂ ಗಟ್ಟಿ. ಮುನ್ನೂರು ಡಾಲರಿಗೆ ಮಾರಲು ಕಾರ್ಖಾನೆ ಎಲ್ಲಿ ಉಳಿತಾಯ ಮಾಡುತ್ತದೆ ಎಂದರೆ ಕೊನೆಯ ಅರ್ಧ ಗಂಟೆಯಲ್ಲಿ. ಅಂದರೆ ಅರ ಹಿಡಿದು ಕೂರುವವನ ಕೂಲಿಯಲ್ಲಿ, ತಪಾಸಣೆಯವನ ಸಮಯದಲ್ಲಿ. ಹಾಗಾಗಿ ಒಂದೇ ಮಾದರಿಯ ಹತ್ತು ತುಂಡುಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತವೆ. ತಪಾಸಣೆ ಮಾಡುವವನ ಕಣ್ಣು ತಪ್ಪಿಸಿ ಬಂದ ತುಂಡು ನಿಮ್ಮ ಪಾಲಿಗೆ ಬಂದರೆ ಪಕ್ಕದ ಮನೆಯವರ ನಗು ನಿಜವಾಗುತ್ತದೆ. ದುಬಾರಿ ಕಂಪನಿಗಳಲ್ಲಿ ಇಂಥದ್ದು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಆದ್ದರಿಂದ ಮಾದರಿಯನ್ನು ನೋಡುವುದಕ್ಕಿಂತ ಕೈಯಲ್ಲಿರುವ ಆ ತುಂಡನ್ನೇ ನೋಡಬೇಕು. ಅಂಗಡಿಯಲ್ಲಿ ಹೀಗೆ ಮಾಡಿ. ಸಿಲಿಂಡರ್ ತೆರೆದು ಎಲ್ಲ ಕೋಣೆಗಳೂ ಖಾಲಿ ಎಂದು ನೀವೂ ನೋಡಿ, ಅವನಿಗೂ ತೋರಿಸಿ. ಖಾಲಿ ಟ್ರಿಗರ್ ಎಳೆಯಲು ಒಪ್ಪಿಗೆ ಕೇಳಿ. ಎಡಗೈ ಹೆಬ್ಬೆರಳನ್ನು ಸಿಲಿಂಡರಿನ ಮೇಲೆ ತೀರಾ ಹಗುರವಾಗಿ, ಚೂರು ತಡೆಯುವಷ್ಟೇ ಇಟ್ಟು, ಟ್ರಿಗರನ್ನು ಬಹಳ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಬೀಳುವ ಮೊದಲೇ 'ಟಕ್' ಎಂದು ಸಿಲಿಂಡರ್ ಕಚ್ಚಿ ನಿಲ್ಲಬೇಕು. ಒಂದು ಕೋಣೆಯಲ್ಲಿ ಮಾಡಿ ಬಿಡಬೇಡಿ, ಆರರಲ್ಲೂ ಮಾಡಿ. ಐದು ಸರಿಯಿದ್ದು ಆರನೆಯದು ತಡವಾಗುವುದು ಇದೇ ದರ್ಜೆಯ ರಿವಾಲ್ವರುಗಳ ಹಳೆಯ ಚಾಳಿ. ತಡವಾದರೆ ಪಿನ್ನು ಪ್ರೈಮರಿನ (ಗುಂಡಿನ ಬುಡದ ಕಿಡಿಮದ್ದಿನ) ನಡುವಿಗೆ ಬದಲು ಅಂಚಿಗೆ ಬಡಿಯುತ್ತದೆ, ಗುಂಡು ನಳಿಕೆಯ ಬಾಯಿಯನ್ನು ಸವರಿಕೊಂಡು ಹೋಗುತ್ತದೆ, ಪಕ್ಕಕ್ಕೆ ಸೀಸದ ಚೂರು ಸಿಡಿಯುತ್ತದೆ.

ಆಮೇಲೆ ಸಿಲಿಂಡರ್ ಮುಚ್ಚಿದಾಗ ಅದನ್ನು ಹಿಂದೆ ಮುಂದೆ ಅಲುಗಿಸಿ ನೋಡಿ, ಕಣ್ಣಿಗೆ ಕಾಣುವ ಆಟ ಇರಬಾರದು. ಜೇಬಿನಲ್ಲಿ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ತಗಡುಗಳು, ಇಟ್ಟುಕೊಂಡು ಹೋಗಿ. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದು 0.004ರಿಂದ 0.008 ಇಂಚಿನೊಳಗೆ ಇದ್ದರೆ ಸಂತೋಷ. 0.003ಕ್ಕಿಂತ ಬಿಗಿಯಾದರೆ ಮಸಿ ಕಟ್ಟಿ ಬಿಸಿಯಾದ ಮೇಲೆ ಸಿಲಿಂಡರ್ ತಿರುಗಲು ಮುಷ್ಕರ ಹೂಡುತ್ತದೆ. ಗೇಜ್ ತೆಗೆದದ್ದನ್ನು ಕಂಡು ಅಂಗಡಿಯವನು ಮುಖ ಸಿಂಡರಿಸಿದರೆ ಬೇರೆ ಅಂಗಡಿಗೆ ಹೋಗಿ.

ನೇರಮಾತು

ಇಷ್ಟೆಲ್ಲ ಕಸರತ್ತು ಯಾಕೆ? ಜೀವದ ಪ್ರಶ್ನೆ ಬಂದಾಗ ಇನ್ನೂರು ಡಾಲರ್ ಉಳಿಸುವವರನ್ನು ಕಂಡರೆ ನನಗೆ ಆಶ್ಚರ್ಯ. ಸ್ಮಿತ್ ಅಂಡ್ ವೆಸನ್ 642 ಕೊಳ್ಳಿ, ಮಾತು ಮುಗಿಸಿ. ಈ ಐದು ಗುಂಡಿನ ಚಿಕ್ಕ ಫ್ರೇಮನ್ನು ಅವರು 1950ರಿಂದ ಮಾಡುತ್ತಿದ್ದಾರೆ. ಅಗ್ಗದ ರಿವಾಲ್ವರಿಗೆ ಈ ದೇಶದಲ್ಲಿ 'ಶನಿವಾರ ರಾತ್ರಿಯ ಸರಕು' ಎಂಬ ಅಡ್ಡಹೆಸರು ಸುಮ್ಮನೆ ಬರಲಿಲ್ಲ.

ಓಹಾಯೋ ಒಗ್ಗರಣೆ

ಆ ಅಡ್ಡಹೆಸರಿನ ಕಥೆ ಬೇರೆ, ನೇರಮಾತಿನವರೇ. 1960ರ ದಶಕದಲ್ಲಿ ಹೊರದೇಶಗಳಿಂದ ಬರುತ್ತಿದ್ದ ಸತುವಿನ ಮಿಶ್ರಲೋಹದ ಪುಟ್ಟ ರಿವಾಲ್ವರ್‌ಗಳನ್ನು ಕುರಿತ ಮಾತದು. 1968ರ ಬಂದೂಕು ನಿಯಂತ್ರಣ ಕಾಯ್ದೆ ಅವುಗಳ ಆಮದನ್ನು ತಡೆಯಿತು. ಜರ್ಮನಿಯ ರೋಮ್ ಕಂಪನಿ ಅದಕ್ಕೂ ದಾರಿ ಕಂಡುಕೊಂಡಿತು. ಬಿಡಿಭಾಗ ತರಿಸಿ ಮಯಾಮಿಯಲ್ಲಿ ಜೋಡಿಸಿ ಮಾರಿತು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಹಾರಿದ್ದು ಅದೇ ಕಂಪನಿಯ ಆರ್‌ಜಿ-14, .22 ರಿವಾಲ್ವರಿನ ಗುಂಡು. ಎಲ್ಲರೂ ಕಸ ಎಂದು ಕರೆಯುತ್ತಿದ್ದ ಆ ಬಂದೂಕಿನ ಆರೂ ಗುಂಡುಗಳು ಎರಡು ಸೆಕೆಂಡಿನೊಳಗೆ ಹಾರಿದವು. ಒಂದು ದಿನ ಒಂದು ತುಂಡು ಕೆಲಸ ಮಾಡಿತು ಎಂಬುದು ಗುಣಮಟ್ಟದ ಪುರಾವೆಯಲ್ಲ. ಯಾರೋ ಒಬ್ಬರದು ಕೆಟ್ಟಿತು ಎಂಬುದೂ ಅಲ್ಲ. ಇಂದಿನ 856, ಅಂಡರ್‌ಕವರ್ ಇವೆಲ್ಲ ಉಕ್ಕು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಫ್ರೇಮಿನವು. ಅವನ್ನು ಆ ಸತುವಿನ ಸಾಲಿಗೆ ನಿಲ್ಲಿಸುವುದು ಅನ್ಯಾಯ.

ಜೊತೆಗೆ, ಇನ್ನೂರು ಡಾಲರ್ ಎಂದರೆ ಕೆಲವರಿಗೆ ತಿಂಗಳ ಗುಂಡಿನ ಖರ್ಚು, ಕೆಲವರಿಗೆ ಮಗುವಿನ ಶಾಲೆಯ ಬಸ್ಸಿನ ಖರ್ಚು. ಆ ಲೆಕ್ಕ ಅವರವರಿಗೆ ಬಿಟ್ಟದ್ದು.

ಗುಂಡುಮಲ್ಲಿಗೆ

ಅಟ್ಲಾಂಟಾದಿಂದ ಬರೆಯುತ್ತಿದ್ದೇನೆ. ರೇಂಜಿನಲ್ಲಿ ಹೊಸಬರಿಗೆ, ಹೆಚ್ಚಾಗಿ ಹೆಂಗಸರಿಗೆ, ಹೇಳಿಕೊಡುತ್ತೇನೆ. "ರಿವಾಲ್ವರ್ ಕೆಡುವುದೇ ಇಲ್ಲ" ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ, ಅಣ್ಣ. ಪಿಸ್ತೂಲ್ ಆಗಾಗ ಸಿಕ್ಕಿಕೊಳ್ಳುತ್ತದೆ, ಬಡಿದು ಎಳೆದರೆ ಎರಡು ಕ್ಷಣದಲ್ಲಿ ಸರಿಹೋಗುತ್ತದೆ. ರಿವಾಲ್ವರ್ ಅಪರೂಪಕ್ಕೆ ಕೈಕೊಡುತ್ತದೆ. ಕೊಟ್ಟಾಗ ಬಹಳ ಸಲ ಸ್ಕ್ರೂಡ್ರೈವರ್ ಬೇಕು.

ನನ್ನದೇ ಒಂದು ಅಗ್ಗದ ರಿವಾಲ್ವರ್ ಇದೆ, ಕಂಪನಿಯ ಹೆಸರು ಬೇಡ. ಅದರ ಎಜೆಕ್ಟರ್ ರಾಡ್ ತಾನಾಗಿಯೇ ಬಿಚ್ಚಿಕೊಳ್ಳುತ್ತಾ ಮುಂದಕ್ಕೆ ಬಂದು ಸಿಲಿಂಡರ್ ತೆರೆಯದ ಹಾಗೆ ಕಚ್ಚಿಕೊಂಡಿತು. ಒಳಗೆ ಅರ್ಧ ಗುಂಡು ಹಾರಿವೆ, ಅರ್ಧ ಹಾರಿಲ್ಲ, ತೆರೆಯಲು ಬರುವುದಿಲ್ಲ. ನಳಿಕೆಯನ್ನು ದಿಬ್ಬದ ಕಡೆಗೇ ಹಿಡಿದು ನಿಂತು ರೇಂಜಿನವರನ್ನು ಕೂಗಬೇಕಾಯಿತು. ದುರಸ್ತಿಗೆ ಕಳಿಸಿದರೆ ವಾಪಸು ಬರಲು ತಿಂಗಳುಗಳೇ ಹಿಡಿದವು. ಆಮೇಲಿನಿಂದ ಪ್ರತಿ ಸಲ ಶುಚಿಗೊಳಿಸಿದ ಮೇಲೆ ರಾಡನ್ನು ಬೆರಳಲ್ಲಿ ತಿರುಗಿಸಿ ನೋಡುವುದು ಅಭ್ಯಾಸವಾಗಿದೆ.

ಇನ್ನೊಂದು, ಇದಕ್ಕೆ ಕಂಪನಿಯನ್ನು ಬಯ್ಯುವಂತಿಲ್ಲ. ಖಾಲಿ ಕೋಶಗಳನ್ನು ಹೊರಹಾಕುವಾಗ ಎಷ್ಟೋ ಜನ ನಳಿಕೆಯನ್ನು ಅಡ್ಡಕ್ಕೆ ಹಿಡಿಯುತ್ತಾರೆ. ಸುಡದೆ ಉಳಿದ ಮದ್ದಿನ ಹರಳು ನಕ್ಷತ್ರದಂಥ ಎಜೆಕ್ಟರಿನ ಅಡಿಗೆ ಬೀಳುತ್ತದೆ. ಎಳ್ಳುಕಾಳಿನ ಅರ್ಧದಷ್ಟು ಹರಳು ಸಾಕು, ನಕ್ಷತ್ರ ಪೂರ್ತಿ ಕೂರುವುದಿಲ್ಲ, ಸಿಲಿಂಡರ್ ಮುಚ್ಚುವುದಿಲ್ಲ. ಮುಚ್ಚಿದರೂ ಟ್ರಿಗರ್ ಕಲ್ಲಾಗುತ್ತದೆ. ನಳಿಕೆಯನ್ನು ಮೇಲಕ್ಕೆ ಮಾಡಿ, ರಾಡನ್ನು ಒಂದೇ ಸಲ ಜೋರಾಗಿ ಒತ್ತಿ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ನಕ್ಷತ್ರದಡಿ ಒರೆಸಿ.

ಈಗ ನಿಮ್ಮ ಬೆರಳಿನ ವಿಷಯ. ಸ್ಲೈಡ್ ಎಳೆಯಲಾಗದು ಎಂದು ರಿವಾಲ್ವರಿಗೆ ಬರುತ್ತಿದ್ದೀರಿ. ಈ ಪುಟ್ಟ ರಿವಾಲ್ವರಿನ ಡಬಲ್ ಆಕ್ಷನ್ ಟ್ರಿಗರಿಗೆ (ಒಂದೇ ಎಳೆತದಲ್ಲಿ ಹ್ಯಾಮರನ್ನು ಎತ್ತಿ ಬೀಳಿಸುವಂಥದ್ದು) ಹತ್ತು ಹನ್ನೆರಡು ಪೌಂಡ್ ಎಳೆತ ಬೇಕು, ಅದೂ ಒಂದೇ ಬೆರಳಿನಿಂದ, ಐದಾರು ಸಲ. ಸಂಧಿವಾತದ ಬೆರಳು ಅದನ್ನು ತಡೆಯುತ್ತದೆಯೇ ಎಂದು ನೋಡಿದಿರಾ? ಇನ್ನೂ ಒಂದು ಸಂಗತಿ: ಬೆರಳು ಸೋತವರು ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡದೆ ಮತ್ತೆ ಎಳೆಯುತ್ತಾರೆ. ಆಗ ಟ್ರಿಗರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸಿಲಿಂಡರ್ ಒಂದು ಕೋಣೆ ದಾಟಿ ಹೋಗುತ್ತದೆ. "ರಿವಾಲ್ವರ್ ಕೆಟ್ಟಿದೆ" ಎಂದು ನನ್ನ ಹತ್ತಿರ ಬರುವ ದೂರುಗಳಲ್ಲಿ ಒಳ್ಳೆಯ ಪಾಲು ಇದೇ.

ಹೂಸ್ಟನ್ ಹುಣಸೆಮರ

ಅಕ್ಕ, ಟ್ರಿಗರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಗುರ ಮಾಡುವ ಸ್ಪ್ರಿಂಗುಗಳು ಇಪ್ಪತ್ತು ಡಾಲರಿಗೆ ಸಿಗುತ್ತವೆಯಂತೆ. ಅದನ್ನು ಹಾಕಿಸಿಕೊಂಡರೆ?

ಹಳೇ ಫಿಟ್ಟರ್

ಹಾಕಿಸಬೇಡಿ. ಟ್ರಿಗರ್ ಹಗುರವಾದಷ್ಟೂ ಹ್ಯಾಮರಿನ ಹೊಡೆತವೂ ಮೆತ್ತಗಾಗುತ್ತದೆ. ಕೆಲವು ಕಂಪನಿಯ ಪ್ರೈಮರುಗಳು ಗಟ್ಟಿ. ಪಿನ್ನು ಕುಳಿ ಬೀಳಿಸುತ್ತದೆ, ಗುಂಡು ಹಾರುವುದಿಲ್ಲ. ಗುರಿ ಅಭ್ಯಾಸದ ಬಂದೂಕಿಗೆ ಆ ಆಟ ಸರಿ. ಕಿಸೆಯ ರಿವಾಲ್ವರಿಗೆ ಕಾರ್ಖಾನೆಯ ಸ್ಪ್ರಿಂಗೇ ಇರಲಿ.

ಎಳೆತ ಹಗುರವಾಗಿರಬೇಕು, ಹೊಡೆತ ಗಟ್ಟಿಯಾಗಿರಬೇಕು ಎಂದರೆ ಅದು ವಿನ್ಯಾಸದಲ್ಲೇ ಬರಬೇಕು. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್‌ನಲ್ಲಿ ಟ್ರಿಗರ್ ಒಳಗಿನ ಕ್ಯಾಮ್ ಆಕಾರವನ್ನೇ ಬದಲಿಸಿ ಘರ್ಷಣೆ ತಗ್ಗಿಸಿದರು. ಕೆಳಭಾಗ ಪಾಲಿಮರಿನದ್ದಾದ್ದರಿಂದ .38ರ ತೂಕ 13.5 ಔನ್ಸ್, ಅಂದರೆ ಸುಮಾರು 383 ಗ್ರಾಂ. ಪ್ಲಾಸ್ಟಿಕ್ ಎಂದು ಮೊದಲು ಮೂಗು ಮುರಿದವರಲ್ಲಿ ನಾನೂ ಇದ್ದೆ; ಬಿಚ್ಚಿ ನೋಡಿದ ಮೇಲೆ ಆ ಇಂಜಿನಿಯರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಹೊಸದು ನಿಮ್ಮ ಬಜೆಟ್ಟಿಗೆ ಸಿಗುವುದಿಲ್ಲ.

ನೇರಮಾತು

ಅಂತೂ ಹೆಚ್ಚು ಹಣದ್ದೇ ಒಳ್ಳೆಯದು ಎಂಬಲ್ಲಿಗೆ ಬಂದಿರಿ.

ಹಳೇ ಫಿಟ್ಟರ್

ಅವರ ಬೆರಳಿಗೆ ಒಳ್ಳೆಯದು ಎಂದೆ. ನನ್ನ ಬೆರಳಿಗೆ ಉಕ್ಕಿನ 856 ಸಾಕು.

ಹಗುರ ಎಂಬ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 856ರಲ್ಲಿ ಉಕ್ಕಿನದು ಸುಮಾರು 22 ಔನ್ಸ್, ಅಲ್ಟ್ರಾಲೈಟ್ 16ರ ಆಸುಪಾಸು. ಕೊಳ್ಳುವಾಗ ಎಲ್ಲರೂ ಹಗುರವಾದದ್ದನ್ನೇ ಎತ್ತಿಕೊಳ್ಳುತ್ತಾರೆ. ಹಗುರವಾದ ಬಂದೂಕು ಹೆಚ್ಚು ಒದೆಯುತ್ತದೆ, ಅದು ಕೈನೋವಿನ ವಿಷಯ ಮಾತ್ರವಲ್ಲ. ಆ ಜರ್ಕಿಗೆ ಇನ್ನೂ ಹಾರದ ಗುಂಡುಗಳು ತಮ್ಮ ಕೋಶದಿಂದ ಮುಂದಕ್ಕೆ ಜಾರುತ್ತವೆ. ಒಂದು ಸಿಲಿಂಡರಿನ ಮುಖದಿಂದ ಹೊರಗೆ ಇಣುಕಿದರೆ ಸಾಕು, ನಳಿಕೆಗೆ ತಾಗಿ ಇಡೀ ಯಂತ್ರ ನಿಲ್ಲುತ್ತದೆ. ಪರೀಕ್ಷೆ ಸುಲಭ: ಎಲ್ಲ ಕೋಣೆಗಳನ್ನೂ ತುಂಬಿ, ಒಂದನ್ನು ಬಿಟ್ಟು ಉಳಿದದ್ದನ್ನು ಹಾರಿಸಿ, ಆ ಒಂದನ್ನು ಹೊರತೆಗೆದು ಹೊಸದರ ಪಕ್ಕ ನಿಲ್ಲಿಸಿ ಉದ್ದ ಹೋಲಿಸಿ. ಉದ್ದವಾಗಿದ್ದರೆ ಆ ಗುಂಡು ನಿಮ್ಮ ರಿವಾಲ್ವರಿಗೆ ಹೊಂದುವುದಿಲ್ಲ.

ಪ್ಲಸ್ ಪಿ ಎಂಬ ಹೆಚ್ಚು ಒತ್ತಡದ ಗುಂಡುಗಳ ಹುಚ್ಚು ಬೇಡ. ಸಾಮಾನ್ಯ .38 ಸ್ಪೆಷಲ್‌ಗೆ ಒತ್ತಡದ ಮಿತಿ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಪ್ಲಸ್ ಪಿಗೆ 20,000. ಆ ಮೂರು ಸಾವಿರವನ್ನು ಹೊರುವುದು ನಿಮ್ಮ ಬೆರಳ ಸಂಧಿಗಳು. ಮುಂಭಾಗ ಚಪ್ಪಟೆಯಾದ 148 ಗ್ರೇನ್ ತೂಕದ ವಾಡ್‌ಕಟರ್ ಗುಂಡು ಮೆತ್ತಗೆ ಹಾರುತ್ತದೆ, ನೆಟ್ಟಗೆ ಹೋಗುತ್ತದೆ. ಮತ್ತೆ ತುಂಬುವಾಗ ಅದರ ಚಪ್ಪಟೆ ಮೂತಿ ಕೋಣೆಯ ಅಂಚಿಗೆ ತಾಗಿ ತಡವರಿಸುತ್ತದೆ, ಅದೊಂದೇ ಕಿರಿಕಿರಿ.

ಮಡಿಕೇರಿ ಮಂಜು

ಇಷ್ಟು ಹೊತ್ತು ಹೊಟ್ಟೆಕಿಚ್ಚಿನಿಂದ ಓದುತ್ತಿದ್ದೆ. ಮುನ್ನೂರು ಡಾಲರ್ ಎಂದರೆ ನಮ್ಮಲ್ಲಿ ಒಳ್ಳೆಯ ಏರ್‌ಗನ್ ಬರುತ್ತದೆ, ಅಷ್ಟೇ! ನಿರ್ಭೀಕ್ ಎಂಬ ನಮ್ಮ ದೇಶದ್ದೇ ರಿವಾಲ್ವರ್ 2014ರ ಜನವರಿಯಲ್ಲಿ ಕಾನ್ಪುರದಿಂದ ಬಂದಾಗಲೇ ಬೆಲೆ 1,22,360 ರೂಪಾಯಿ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ ಮಹಿಳೆಯರಿಗೆಂದು ಹೊರತಂದ, ಟೈಟಾನಿಯಂ ಮಿಶ್ರಲೋಹದ ಅರ್ಧ ಕಿಲೋ ತೂಕದ .32. ಮಹಿಳೆಯರ ಮಾತಿರಲಿ, ಅಷ್ಟು ಹಣ ಗಂಡಸರ ಹತ್ತಿರವೂ ಇರಲಿಲ್ಲ. 2023ರಲ್ಲಿ ಅದೇ ಕಾನ್ಪುರದಿಂದ ಪ್ರಬಲ್ ಬಂತು, ಅದರ ಸಿಲಿಂಡರ್ ನಿಮ್ಮ ರಿವಾಲ್ವರುಗಳಂತೆ ಪಕ್ಕಕ್ಕೆ ತೆರೆಯುತ್ತದೆ. ಹಳೆಯ ವೆಬ್ಲಿ, ಸ್ಮಿತ್‌ಗಳ ಬೆಲೆಯನ್ನು ಕೇಳಲೇಬೇಡಿ. 1980ರ ದಶಕದ ನಡುವಿನಲ್ಲಿ ಆಮದು ನಿಂತಂತಾದ ಮೇಲೆ ಅವಕ್ಕೆ ತೋಟದ ಬೆಲೆ.

ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆದರೆ ಇಲ್ಲಿ ಕೋವಿ ಎಂದರೆ ಉದ್ದನೆಯದು, ಗೋಡೆಯ ಮೇಲಿನದು, ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಹೂ ಮುಡಿಸುವುದು. ಜೇಬಿನಲ್ಲಿ ಬಚ್ಚಿಟ್ಟುಕೊಂಡು ಅಂಗಡಿಗೆ ಹೋಗುವ ಕಲ್ಪನೆ ನಮಗೆ ಇಂದಿಗೂ ಹೊಸದು. ಅಂದ ಹಾಗೆ, ಇಲ್ಲಿ ರಿವಾಲ್ವರ್ ಕೈಕೊಟ್ಟರೆ ಬಹಳ ಸಲ ತಪ್ಪು ಹಳೆಯ ತೋಟೆಯದು. ಕೊಳ್ಳಲು ಮಿತಿ ಇರುವುದರಿಂದ ಯಾರೂ ಹಾರಿಸಿ ನೋಡುವುದಿಲ್ಲ. ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಅದೇ ಆರು ತೋಟೆಗಳು ಬೀರುವಿನಲ್ಲಿ ಹಸಿರು ಹಿಡಿಯುತ್ತಾ ಕೂತಿರುತ್ತವೆ.

ಗುಂಡುಮಲ್ಲಿಗೆ

ಮಂಜು ಅವರೇ, ಹೂಸ್ಟನ್ನಿನ ಸೆಕೆಯೂ ಕಡಿಮೆಯದ್ದಲ್ಲ. ಬೆವರಿನ ಉಪ್ಪು ಕಪ್ಪು ಲೇಪದ ಉಕ್ಕನ್ನು ಒಂದೇ ಬೇಸಿಗೆಯಲ್ಲಿ ತುಕ್ಕು ಹಿಡಿಸುತ್ತದೆ. ಹುಣಸೆಮರದವರು ಸ್ಟೇನ್‌ಲೆಸ್ ನೋಡಲಿ. ಜೇಬಿನೊಳಗಿನ ಒರೆ ಬೇಕೇ ಬೇಕು, ಟ್ರಿಗರನ್ನು ಪೂರ್ತಿ ಮುಚ್ಚುವಂಥದ್ದು. ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಬೇರೇನೂ ಇರಬಾರದು. ತಿಂಗಳಿಗೊಮ್ಮೆ ಹೊರತೆಗೆದು ನೋಡಿ. ಹ್ಯಾಮರಿನ ಸುತ್ತ ಬಟ್ಟೆಯ ನೂಲುಜೂಲು ಸೇರಿ ಬೂದು ಗೂಡು ಕಟ್ಟಿರುತ್ತದೆ.

ವೇದಿಕೆ ನಿರ್ವಾಹಕ

ಓದುತ್ತಿರುವ ಎಲ್ಲರಿಗೂ ಒಂದು ಮಾತು, ಏಕೆಂದರೆ ನನಗೆ ಖಾಸಗಿಯಾಗಿ ಇದೇ ಪ್ರಶ್ನೆ ಬರುತ್ತಿದೆ. ಪ್ರಶ್ನೆ ಕೇಳಿದವರಿಗೆ ಗ್ರೀನ್ ಕಾರ್ಡ್ ಇದೆ, ಕೊಳ್ಳಬಹುದು. ಎಚ್-1ಬಿ, ಎಲ್-1ರಂಥ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಜೊತೆ ರೇಂಜಿಗೆ ಹೋಗುವ ಮುಂಚೆಯೂ ವಲಸೆ ವಕೀಲರನ್ನು ಕೇಳಿಕೊಳ್ಳಿ. ಇಲ್ಲಿ ಎಡವಿದರೆ ದಂಡ ಕಟ್ಟಿ ಬರುವಂತಿಲ್ಲ, ವೀಸಾವೇ ಹೋಗುತ್ತದೆ.

ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ ಅರ್ಹರು ಪರವಾನಗಿ ಇಲ್ಲದೆಯೇ ಕೈಬಂದೂಕು ಇಟ್ಟುಕೊಳ್ಳಬಹುದು. ಆದರೂ ಪರವಾನಗಿ ಮಾಡಿಸಿಕೊಳ್ಳುವುದು ಲೇಸು, ಬೇರೆ ರಾಜ್ಯಗಳಿಗೆ ಹೋದಾಗ ಅದು ಬೇಕಾಗುತ್ತದೆ. ಆದಾಯದ ಹೆಚ್ಚುಪಾಲು ಮದ್ಯದಿಂದಲೇ ಎಂದು ಸಾರುವ, ಕೆಂಪು ಅಕ್ಷರದ 51 ಶೇಕಡಾ ಫಲಕ ಇರುವ ಬಾರಿಗೆ ಬಂದೂಕಿನೊಂದಿಗೆ ಕಾಲಿಡಬೇಡಿ. ಊರಿಗೆ ಹೊರಡುವ ಮುನ್ನ ಬ್ಯಾಗಿನ ಮೂಲೆಮೂಲೆ ತಡಕಿ: ರೇಂಜಿಗೆ ಒಯ್ದ ಬ್ಯಾಗಿನಲ್ಲಿ ಉಳಿದುಹೋದ ಒಂದೇ ಒಂದು ಗುಂಡು ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ.

ಓಹಾಯೋ ಒಗ್ಗರಣೆ

ಎಷ್ಟು ಹಾರಿಸಿದರೆ ನಂಬಬಹುದು ಎಂಬುದನ್ನು ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ 200 ಗುಂಡು ಎನ್ನುತ್ತಾರೆ. .38 ಅಗ್ಗವಲ್ಲ, 50ರ ಪೆಟ್ಟಿಗೆಗೆ ಇಪ್ಪತ್ತೈದು ಮೂವತ್ತು ಡಾಲರ್. ಅಂದರೆ ಮುನ್ನೂರರ ರಿವಾಲ್ವರಿಗೆ ಪರೀಕ್ಷೆಯ ಖರ್ಚೇ ನೂರು ದಾಟಿತು. ನೇರಮಾತಿನವರ ವಾದಕ್ಕೆ ನಿಜವಾದ ಉತ್ತರ ಇಲ್ಲಿದೆ: ಆರುನೂರು ಕೊಟ್ಟು ಗುಂಡಿಗೆ ಹಣವಿಲ್ಲದೆ ಕೂರುವವರಿಗಿಂತ ಮುನ್ನೂರು ಕೊಟ್ಟು ಉಳಿದದ್ದನ್ನು ಅಭ್ಯಾಸಕ್ಕೆ ಹಾಕುವವರು ಮುಂದಿರುತ್ತಾರೆ. ಆದರೆ ಹೆಚ್ಚಿನವರು ಮುನ್ನೂರೂ ಕೊಟ್ಟು ಅಭ್ಯಾಸವನ್ನೂ ಮಾಡುವುದಿಲ್ಲ.

ನೇರಮಾತು

ಇದನ್ನು ಮಾತ್ರ ಒಪ್ಪಿದೆ.

ಹೂಸ್ಟನ್ ಹುಣಸೆಮರ

ಎಲ್ಲರಿಗೂ ಧನ್ಯವಾದ. ಬಾಡಿಗೆಗೆ ಬಂದೂಕು ಕೊಡುವ ರೇಂಜಿಗೆ ಹೋಗಿ ಒಂದೊಂದಾಗಿ ಹಾರಿಸಿ ನೋಡಿದೆ. ಗುಂಡುಮಲ್ಲಿಗೆ ಅಕ್ಕ ಹೇಳಿದ್ದೇ ಆಯಿತು. ಹೆಚ್ಚಿನವುಗಳಲ್ಲಿ ನಾಲ್ಕನೆಯ ಗುಂಡಿಗೆ ಬೆರಳು ಪೂರ್ತಿ ಮುಂದಕ್ಕೆ ಬರುತ್ತಿರಲಿಲ್ಲ. ಎಲ್‌ಸಿಆರ್ ಒಂದರಲ್ಲಿ ಮಾತ್ರ ಸಲೀಸಾಗಿ ಎಳೆಯಲು ಬಂತು. ಒಂದು ಅಂಗಡಿಯಲ್ಲಿ ಬಳಸಿದ್ದು ಸಿಕ್ಕಿತು, ನಾನೂರರ ಮೇಲೆ ಸ್ವಲ್ಪ. ಫಿಟ್ಟರ್ ಸರ್, ಗೇಜ್ ತೆಗೆದಾಗ ಅಂಗಡಿಯವನು ಮುಖ ಸಿಂಡರಿಸಲಿಲ್ಲ, ತನ್ನದೂ ಒಂದು ತಂದ. ಸಂದು 0.005. ಐದೂ ಕೋಣೆ ಟಕ್ ಎನ್ನುತ್ತವೆ.

ಹಳೇ ಫಿಟ್ಟರ್

856ರ ಬಗ್ಗೆ ಅಷ್ಟು ಬರೆಸಿಕೊಂಡು ಎಲ್‌ಸಿಆರ್ ತಂದಿರಾ! ಇರಲಿ. ಬಳಸಿದ್ದು ಎಂದಿರಿ, ಹಿಂದಿನವರು ಸ್ಪ್ರಿಂಗ್ ಬದಲಿಸಿದ್ದಾರೋ ನೋಡಿದಿರಾ? ಹೊಸ ರಿವಾಲ್ವರಿನ ಎಳೆತಕ್ಕೆ ಹೋಲಿಸಿ. ತೀರಾ ಬೆಣ್ಣೆಯಂತಿದ್ದರೆ ಕಾರ್ಖಾನೆಯ ಸ್ಪ್ರಿಂಗ್ ತರಿಸಿ ಹಾಕಿ.

ಹೂಸ್ಟನ್ ಹುಣಸೆಮರ

ರೇಂಜಿನದಕ್ಕೂ ಇದಕ್ಕೂ ಎಳೆತದಲ್ಲಿ ವ್ಯತ್ಯಾಸ ಕಾಣಲಿಲ್ಲ ಸರ್. ಇನ್ನೊಂದು ಪ್ರಶ್ನೆ. ಮನೆಯಲ್ಲಿ ಎಂಟು ವರ್ಷದ ಮಗನಿದ್ದಾನೆ. ಟ್ರಿಗರ್ ಇಷ್ಟು ಬಿರುಸಾಗಿರುವಾಗ ಮಕ್ಕಳಿಗೆ ಎಳೆಯಲಾಗದು ಎಂದು ಅಂಗಡಿಯವನು ಹೇಳಿದ. ಹೆಂಡತಿ ಒಪ್ಪುತ್ತಿಲ್ಲ.

ಗುಂಡುಮಲ್ಲಿಗೆ

ನಿಮ್ಮ ಹೆಂಡತಿಯ ಮಾತು ಸರಿ. ಮಕ್ಕಳು ಒಂದೇ ಬೆರಳಿನಿಂದ ಎಳೆಯುವುದಿಲ್ಲ ಅಣ್ಣ, ಹಿಡಿಕೆಯನ್ನು ಎದೆಯ ಕಡೆಗೆ ತಿರುಗಿಸಿಕೊಂಡು ಎರಡೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಗುಂಡಿಗಳನ್ನು ಒತ್ತಿ ತೆರೆಯುವ ಉಕ್ಕಿನ ಪುಟ್ಟ ಪೆಟ್ಟಿಗೆ ಸಿಗುತ್ತದೆ, ವಿದ್ಯುತ್ ಬೇಡ. ಅದನ್ನು ಬೀರುವಿನ ತಳಕ್ಕೆ ಬೋಲ್ಟ್ ಹಾಕಿಸಿ. ಅಂಗಡಿಯಿಂದ ಬಂದವರು ಚಪ್ಪಲಿ ಬಿಟ್ಟ ಕೂಡಲೇ ಒರೆ ಸಮೇತ ಅದರೊಳಗೆ ಇಡಿ, ಊಟವಾದ ಮೇಲೆ ಇಟ್ಟರಾಯಿತು ಎನ್ನಬೇಡಿ. ಸಂಖ್ಯೆ ಮಗನ ಹುಟ್ಟಿದ ದಿನ ಆಗಿರದಿರಲಿ.